ಮಾವ ಗೆರೆ ಎಳೆದ ಹನ್ನೆರಡು ಹೆಸರು

ನನ್ನ ಮಾವ ವೃಷಭೇಂದ್ರಪ್ಪ ಎಪ್ಪತ್ತು ದಾಟುವವರೆಗೂ ಯಾವ ಪಕ್ಷದ ಸಭೆಗೂ ಹೋದವರಲ್ಲ. ಸೀತೂರಿನಲ್ಲಿ ಯಾರ ಪಂಪ್‌ಸೆಟ್ ಕೆಟ್ಟರೂ ಊಟ ಬಿಟ್ಟು ಎದ್ದು ಹೋಗುತ್ತಿದ್ದರು. ಕಳೆದ ವರ್ಷ ನನ್ನ ಮೊಬೈಲಿಗೊಂದು ವಿಡಿಯೊ ಬಂತು. ಹೊರದೇಶದವರನ್ನು ರೈಲಿನಲ್ಲಿ ತುಂಬಿ ತಂದು, ತೋಟದ ಕೆಲಸದ ನೆಪದಲ್ಲಿ ಮಲೆನಾಡಿಗೆ ಬಿಟ್ಟು, ಮತದಾರರ ಪಟ್ಟಿಗೆ ಸೇರಿಸುತ್ತಿದ್ದಾರಂತೆ. ಇನ್ನು ಹತ್ತು ವರ್ಷಕ್ಕೆ ಊರು ನಮ್ಮದಲ್ಲವಂತೆ. ಅದನ್ನು ಮನೆಯವರ ಗ್ರೂಪಿಗೆ ಹಾಕಿದವಳು ನಾನೇ. ಮಗಳಿಗೆ ಆಗ ಮೂರು ವರ್ಷ. ಅಂಗಳದಲ್ಲಿ ಯಾರು ಯಾರೋ ಓಡಾಡುತ್ತಾರಲ್ಲ ಎಂಬ ದಿಗಿಲು ನನಗೆ ಯಾವಾಗಲೂ ಇತ್ತು. ಇದು ನಿಜವೇ ಎಂದು ಕೇಳಿದ್ದೆ, ಅಷ್ಟೆ. ಮಾವ ನಂಬಿಯೇಬಿಟ್ಟರು.

ಆಮೇಲೆ ಸಭೆಗಳಿಗೆ ಹೋದರು, ಕರಪತ್ರ ಹಂಚಿದರು. ಮತದಾರರ ಪಟ್ಟಿ ತರಿಸಿ, ಕಿವಿಗೆ ಹೊಸದೆನಿಸಿದ ಹನ್ನೆರಡು ಹೆಸರಿನ ಕೆಳಗೆ ಗೆರೆ ಎಳೆದು, ಒಂದೊಂದಕ್ಕೂ ಆಕ್ಷೇಪಣೆ ಬರೆದು ಎನ್.ಆರ್. ಪುರದ ತಾಲ್ಲೂಕು ಕಚೇರಿಗೆ ಕೊಟ್ಟು ಬಂದರು.

ವಿಚಾರಣೆಯ ದಿನ ಅವರನ್ನು ಕಾರಿನಲ್ಲಿ ಕರೆದೊಯ್ದವಳು ನಾನು. ಮೊದಲು ಕೂಗಿದ ಹೆಸರು ಮಿನತಿ ಓರಾಂಗ್. ಎದ್ದು ಬಂದವಳು ನಮ್ಮ ಮೀನಾ.

ಅಸ್ಸಾಮಿನಿಂದ ಬಂದು ಒಂಬತ್ತು ವರ್ಷ ನಮ್ಮ ಅಂಗಳದಲ್ಲಿ ಅಡಿಕೆ ಸುಲಿದವಳು. ಕೆಲಸಕ್ಕೆ ಬಂದವರಿಗೆ ಬಾಯಿಗೆ ಸುಲಭವಾದ ಹೆಸರಿಟ್ಟು ಕರೆಯುವುದು ನಮ್ಮ ಕಡೆ ರೂಢಿ. ಅವಳ ಗಂಡ ನಮಗೆ ರಾಜು. ನಿಜವಾದ ಹೆಸರನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಮಾವ ತಡವರಿಸಿದರು. "ಇವ್ಳು ನಮ್ಮ ಮೀನಾ, ಸಾರ್. ಇವ್ಳದ್ದು ಬಿಡಿ. ಉಳಿದ ಹನ್ನೊಂದು ನೋಡಿ."

"ಅವ್ರೂ ನಿಮ್ಮಲ್ಲೇ ಸುಲಿಯೋರು ಅಯ್ಯಾ," ಎಂದಳು ಅವಳು, ನಮ್ಮಿಂದಲೇ ಕಲಿತ ಕನ್ನಡದಲ್ಲಿ. "ಎರಡ್ನೇ ಹೆಸ್ರು ರಾಜುದು."

ಮಾವ ತಿರುಗಿ ನೋಡಿದರು. ಹಿಂದಿನ ಬೆಂಚುಗಳಲ್ಲಿ ಎಲ್ಲರೂ ಕೂಲಿ ಬಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದು ಕೂತಿದ್ದರು. ಅಷ್ಟೂ ಆಕ್ಷೇಪಣೆಗಳನ್ನು ಹಿಂಪಡೆಯುತ್ತೀರಾ ಎಂದು ಅಧಿಕಾರಿ ಕೇಳಿದರು. ಮಾವ ಗಂಡ ಹೆಂಡತಿಯ ಎರಡು ಅರ್ಜಿ ಮಾತ್ರ ಹಿಂಪಡೆದರು. ಮಿಕ್ಕವರ ಗ್ಯಾರಂಟಿ ತಾನು ಹೇಗೆ ಕೊಡಲಿ ಎಂದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಎಲ್ಲರ ದಾಖಲೆಗಳೂ ಸರಿಯಿದ್ದವು. ಒಂದು ಹೆಸರೂ ಹೋಗಲಿಲ್ಲ. ಸುಗ್ಗಿ ಬಂದಾಗ ಅವರನ್ನು ಕರೆಯಲು ಮಾವನೇ ಕೂಲಿಯವರ ಸಾಲುಮನೆಗಳ ಲೈನಿಗೆ ಹೋದರು. ಮಿನತಿ ಕುರ್ಚಿ ಹಾಕಿ, ಟೀ ಕೊಟ್ಟು, ಈ ಸಲ ನಾವೆಲ್ಲ ಬೇರೆ ಕಡೆ ಒಪ್ಪಿಕೊಂಡಿದ್ದೇವೆ ಅಂದಳಂತೆ.

"ಹನ್ನೆರಡು ಜನಾನೂ ಒಟ್ಟಿಗೇ ಬಿಟ್ರು ನೋಡು," ಮಾವ ಜಗಲಿಯಲ್ಲಿ ಕೂತು ಹೇಳಿದರು. "ಇದರ ಹಿಂದೆ ಯಾರೋ ಇದಾರೆ."

"ಯಾರೂ ಇಲ್ಲ ಮಾವ," ಅಂದೆ. "ನಾವೇ."

ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು.