ನನ್ನ ಖೋಲಿಯ ಹನ್ನೊಂದು ಮಂದಿ

ಕಣ್ಣಿನ ಪೊರೆ ತೆಗೆಸಲು ಸರ್ಕಾರದ ಉಚಿತ ಆಪರೇಷನ್ನಿಗೆ ಅರ್ಜಿ ಹಾಕಿದ್ದೆ. ಮುಂಬೈ ಪಕ್ಕದ ಕಲ್ಯಾಣದ ಕಚೇರಿಯ ಕಂಪ್ಯೂಟರ್ ಅದನ್ನು ತಿರಸ್ಕರಿಸಿತು. ಕೌಂಟರಿನವನು ಕಾರಣ ಓದಿ ಹೇಳಿದ: ನಿಮ್ಮ ಮನೆಯಲ್ಲಿ ಹನ್ನೊಂದು ಮಂದಿ ಗಂಡಸರು, ಎಲ್ಲರೂ ದುಡಿಯುವವರು, ಹಾಗಾಗಿ ನೀವು ಬಡವರಲ್ಲ.

ಡೊಂಬಿವಲಿಯ ಖೋಲಿಯಲ್ಲಿ ನಾನಿರುವುದು ಒಬ್ಬನೇ! ಬರುವ ಹಿಂದಿಯಲ್ಲೆಲ್ಲ ಕೂಗಾಡಿದೆ. ಸಿಸ್ಟಮ್ ಹೇಳಿದ್ದು, ನಾನಲ್ಲ ಎಂದ.

ತಪ್ಪು ನಮ್ಮದೂ ಇತ್ತು. ಉಡುಪಿ ಕಡೆಯಿಂದ ಬಂದು ಇಲ್ಲಿ ಕೋಪರಿ ಎಂಬಲ್ಲಿನ ಒಂದು ಹೋಟೆಲ್ ಸೇರಿದವರೆಲ್ಲ ಅದರ ಮಾಳಿಗೆಯಲ್ಲೇ ಮಲಗುತ್ತಿದ್ದೆವು. ಯಾವ ಕಾರ್ಡಿಗೂ ಹೋಟೆಲಿನ ವಿಳಾಸವೇ. ಬೇರೆ ವಿಳಾಸ ಯಾರಿಗಿತ್ತು? ಹೋಟೆಲ್ ಮುಚ್ಚಿದ ಮೇಲೂ ನಾನು ಅದನ್ನು ಬದಲಿಸುವ ಗೊಡವೆಗೆ ಹೋಗಲಿಲ್ಲ. ಸೋಮಾರಿತನ, ಇನ್ನೇನು. ಹಾಗಾಗಿ ಕಂಪ್ಯೂಟರಿನ ಲೆಕ್ಕದಲ್ಲಿ ನಾವೆಲ್ಲ ಇನ್ನೂ ಒಂದೇ ಮನೆಯವರು.

ಕಂಪ್ಯೂಟರ್ ಬೇಡವೆಂದರೆ ಮನುಷ್ಯರೊಬ್ಬರು ಬಂದು ನೋಡಬೇಕೆಂದು ಹೊಸ ನಿಯಮವಿದೆಯಂತೆ. ನಾಲ್ಕು ಸಲ ಅಲೆದಾಡಿದ ಮೇಲೆ ಒಬ್ಬ ಅಧಿಕಾರಿ ಬಂದಳು, ಬೆಳಗಾವಿ ಕಡೆಯವಳು. ನನ್ನ ಬಾಗಿಲು ದಾಟಿ ಯಾರಾದರೂ ಒಳಗೆ ಬಂದು ಎಷ್ಟು ಕಾಲವಾಗಿತ್ತೋ.

“ಕಾಕಾ, ಎಷ್ಟ್ ಮಂದಿ ಇರ್ತೀರಿ ಇಲ್ಲಿ?”

“ನೀವೇ ಎಣಿಸಿ ಮಾರಾಯ್ರೆ.”

ಇದ್ದ ಒಂದೇ ಲೋಟದಲ್ಲಿ ಅವಳಿಗೆ ಚಹಾ ಕೊಟ್ಟು ನಾನು ಪಾತ್ರೆಯಿಂದಲೇ ಕುಡಿದೆ. ಅವಳು ಅದನ್ನು ನೋಡಿದಳು. ಆ ಹನ್ನೊಂದು ಮಂದಿಯ ಪಟ್ಟಿ ತೆಗೆದು ಒಂದೊಂದೇ ಹೆಸರು ಓದತೊಡಗಿದಳು.

“ಇವ್ರು?”

“ಊರಿಗೆ ಹೋದ.”

“ಇವ್ರು?”

“ತೀರಿಕೊಂಡ. ನನ್ನ ಪಕ್ಕದಲ್ಲೇ ಮಲಗುತ್ತಿದ್ದದ್ದು. ಅವನ ಗೊರಕೆ ಅಂದ್ರೆ, ಅಯ್ಯೋ ದೇವರೇ!”

“ಇವ್ರು?”

“ಎಲ್ಲಿದ್ದಾನೋ ಗೊತ್ತಿಲ್ಲ.”

ಪ್ರತಿ ಹೆಸರಿನ ಮೇಲೂ ಗೆರೆ ಎಳೆಯುತ್ತ ಹೋದಳು. ಹಾಳು ಕಂಪ್ಯೂಟರ್ ಹೇಳಿದ್ದು ಸುಳ್ಳೆಂದು ಸಾಧಿಸಲು ಅಷ್ಟು ಹಟ ಹಿಡಿದವನು ನಾನೇ. ಇಡೀ ಮುಂಬೈ ಸೀಮೆಯಲ್ಲಿ ಅವರೆಲ್ಲ ನನ್ನ ಮನೆಯವರೆಂದು ಬರೆದಿಟ್ಟಿದ್ದದ್ದು ಅದೊಂದೇ.

ಕೊನೆಗೆ ನನ್ನ ಹೆಸರು ಮಾತ್ರ ಉಳಿಯಿತು. ಅವಳು ಸಹಿ ಹಾಕಿದಳು.

“ಆತ್ರಿ ಕಾಕಾ, ಆಪರೇಷನ್ ಮಂಜೂರ್ ಆಗ್ತೈತಿ. ಆ ದಿನ ನಿಮ್ ಜೋಡಿ ದವಾಖಾನಿಗೆ ಒಬ್ರು ಬರಬೇಕು. ಯಾರ ಹೆಸ್ರು ಬರೀಲಿ?”

ಪಟ್ಟಿಗೆ ಕೈ ಚಾಚಿದೆ. ಕಣ್ಣಿಗೆ ಅಕ್ಷರ ಹತ್ತಲಿಲ್ಲ. ತಿರುಗಿ ಅವಳ ಕೈಗೇ ಕೊಟ್ಟೆ.

“ಗೆರೆ ಎಳೆದದ್ದನ್ನು ಇನ್ನೊಮ್ಮೆ ಓದಿ” ಎಂದೆ.