ಲಂಡನ್ನಿನಲ್ಲಿ ಕೋಣೆ ಹುಡುಕಿದ್ದು

ಲಂಡನ್ನಿಗೆ ಹೋಗುವ ಆದೇಶ ಕೈಗೆ ಬಂದಾಗ ನನಗೆ ಸಂತೋಷಕ್ಕಿಂತ ಮೊದಲು ಹುಟ್ಟಿದ್ದು ಚಿಂತೆ. ಅಲ್ಲಿ ಇಳಿದುಕೊಳ್ಳುವುದೆಲ್ಲಿ?

ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗ ಬಹಳ ಕಾಲವಾಗಿರಲಿಲ್ಲ. ನಾನು ಬೀದರಿನ ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ಹೈದರಾಬಾದಿನ ಕಡೆ ಮುಖ ಮಾಡಿದ್ದ ನಮ್ಮ ಕಚೇರಿ ಬೆಂಗಳೂರಿನ ಕಡೆ ತಿರುಗಿತ್ತು. ಉರ್ದುವಿನಲ್ಲಿ ಓದಿ ಬಂದ ನಾವು ಕನ್ನಡದಲ್ಲಿ ಟಿಪ್ಪಣಿ ಬರೆಯಲು ತಿಣುಕುತ್ತಿದ್ದೆವು. ದನಗಳ ಲಸಿಕೆ ತಯಾರಿಸುವ ತರಬೇತಿಗೆಂದು ಹೊಸ ರಾಜ್ಯದಿಂದ ಆಯ್ಕೆಯಾದವರಲ್ಲಿ ನಮ್ಮ ಜಿಲ್ಲೆಯವರು ಇಬ್ಬರು. ನಾನು, ಮತ್ತು ಔರಾದದ ಪಶು ಆಸ್ಪತ್ರೆಯ ವೈದ್ಯರು.

ಅವರು ವಯಸ್ಸಿನಲ್ಲಿ ನನಗಿಂತ ತುಸು ಹಿರಿಯರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಮಡಿ ಮೈಲಿಗೆ ಬಿಡದ ಮನೆತನ. ನಾನು ಭಾಲ್ಕಿ ತಾಲೂಕಿನ ಭಾತಂಬ್ರಾದವನು. ಅಪ್ಪ ಕೇರಿಯ ಜನರೊಂದಿಗೆ ಬೌದ್ಧ ಧರ್ಮಕ್ಕೆ ಬಂದಿದ್ದ. ನಾವು ಹಳೆಯ ಹೆಸರನ್ನು ಬಿಟ್ಟಿದ್ದೆವು, ಊರು ಬಿಟ್ಟಿರಲಿಲ್ಲ. ಔರಾದದ ಡಾಕ್ಟರು ಕೆಲಸದಲ್ಲಿ ನನ್ನೊಂದಿಗೆ ಚೆನ್ನಾಗಿಯೇ ಇದ್ದರು. ಆದರೆ ಕಚೇರಿಯಲ್ಲಿ ಚಹಾ ಬಂದಾಗ ಅವರಿಗೆ ಯಾವಾಗಲೂ ಆಚೆ ಏನೋ ಕೆಲಸವಿರುತ್ತಿತ್ತು.

ತೊಂದರೆ ಹೀಗಿತ್ತು. ತರಬೇತಿ ಕೇಂದ್ರದ ಹಾಸ್ಟೆಲ್ ಸೋಮವಾರ ತೆರೆಯುತ್ತದೆ, ನಮ್ಮ ಹಡಗು ಅದಕ್ಕೂ ಮೊದಲೇ ಮುಟ್ಟುತ್ತದೆ. ನಡುವಿನ ದಿನಗಳಿಗೆ ನಾವೇ ಹೋಟೆಲ್ ಹುಡುಕಿಕೊಳ್ಳಬೇಕು. ಬೀದರಿನಲ್ಲಿ ಲಂಡನ್ ಕಂಡವರು ನಮಗೆ ಗೊತ್ತಿದ್ದದ್ದು ಒಬ್ಬರೇ, ಚೌಬಾರಾ ಗೋಪುರದ ಹಿಂದಿನ ಗಲ್ಲಿಯ ಮುದಿ ವಕೀಲ ಸಾಹೇಬರು. ನಿಜಾಮರ ಕಾಲದಲ್ಲಿ ಅಲ್ಲಿ ಓದಿ ಬಂದವರು. ಇಬ್ಬರೂ ಅವರ ಮನೆಗೆ ಹೋದೆವು.

"ಸ್ಟೇಶನ್ ಮುಂದಿನ ಹೋಟೆಲ್ ಹಿಡೀಬ್ಯಾಡ್ರಿ," ಎಂದರು ವಕೀಲರು. "ಗಲ್ಲಿ ಒಳಗ ಹೋಗ್ರಿ, ಮನಿಗತೆ ಇರ್ತಾವ ಸಣ್ಣ ಹೋಟೆಲ್. ಪಹಿಲೇ ಕೋಲಿ ನೋಡ್ರಿ. ಗುಸಲಖಾನಾ, ಅಂದ್ರ ಝಳಕದ ಕೋಲಿ, ಯಾವ ಮಾಳಿಗಿ ಮ್ಯಾಲ ಅದ ಕೇಳ್ರಿ. ಆಮ್ಯಾಲ ಹೂಂ ಅನ್ರಿ."

"ಊಟದ್ದು ಹ್ಯಾಂಗರಿ?" ಎಂದು ಔರಾದದ ಡಾಕ್ಟರು ಕೇಳಿದರು. "ಮಾಂಸ ಬೇಯಿಸಿದ ಬೋಗುಣಿ ಒಳಗ ಮಾಡಿದ್ದು ನನಗ ನಡ್ಯಂಗಿಲ್ಲ."

"ಬ್ರೆಡ್ ತಿನ್ರಿ, ಹಾಲು ಕುಡೀರಿ. ಯಾರೂ ಸತ್ತಿಲ್ಲ ಅದರಾಗ."

ನನ್ನ ಬಾಯಲ್ಲಿ ಬೇರೆಯೇ ಪ್ರಶ್ನೆ ಇತ್ತು. ಅದನ್ನು ಔರಾದದ ಡಾಕ್ಟರ ಮುಂದೆ ಕೇಳಲು ಆಗಲಿಲ್ಲ. ಎದ್ದು ಹೊರಡುವಾಗ ವಕೀಲರು ತಾವಾಗಿಯೇ ನನ್ನ ಭುಜ ಹಿಡಿದು ಹೇಳಿದರು: "ಬೋರ್ಡ್ ನೋಡಬ್ಯಾಡ್ರಿ. ಬಾಗಿಲಾ ತೆಗದವರ ಮಾರಿ ನೋಡ್ರಿ." ಔರಾದದ ಡಾಕ್ಟರು ಅದನ್ನು ಹಾಸ್ಯವೆಂದು ತಿಳಿದು ನಕ್ಕರು.

ಊರಿಗೆ ಹೋದಾಗ ಅವ್ವ ನೇರವಾಗಿಯೇ ಕೇಳಿದಳು: "ಅಲ್ಲಿ ನಮ್ಮನ್ನ ಒಳಗ ಬಿಡ್ತಾರೇನು?"

"ಅಲ್ಲಿ ಜಾತಿ ಇಲ್ಲವ್ವ."

"ಮತ್ತ ನಿನ್ನ ಮಾರಿ ಯಾಕ ಹಿಂಗ ಆಗ್ಯಾದ?"

ಹಡಗಿನ ಪ್ರಯಾಣದುದ್ದಕ್ಕೂ ಅವ್ವನ ಮೊದಲ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು. ಬಾಗಿಲು ಬಡಿದಾಗ ಮೊದಲು ಏನು ಹೇಳಬೇಕು, ಹ್ಯಾಟು ತೆಗೆಯಬೇಕೋ ಬೇಡವೋ, ಪಾಸ್‌ಪೋರ್ಟ್ ಮೊದಲೇ ತೋರಿಸಬೇಕೋ ಎಂದು ಡೆಕ್ಕಿನ ಮೇಲೆ ನಿಂತು ಒಬ್ಬನೇ ಅಭ್ಯಾಸ ಮಾಡುತ್ತಿದ್ದೆ. ಔರಾದದ ಡಾಕ್ಟರು ಮಾತ್ರ ತಾವು ತಂದ ಅವಲಕ್ಕಿ ಚೂಡಾ ತಿನ್ನುತ್ತ ಸಮುದ್ರ ನೋಡುತ್ತ ಕುಳಿತಿರುತ್ತಿದ್ದರು.

ಬಂದರಿನಿಂದ ರೈಲು ಹಿಡಿದು ಲಂಡನ್ನಿನ ಸ್ಟೇಶನ್ನಿನಲ್ಲಿ ಇಳಿದದ್ದು ಮಧ್ಯಾಹ್ನದ ಹೊತ್ತು. ತುಂತುರು ಮಳೆ. ಟ್ರಂಕುಗಳನ್ನು ಸ್ಟೇಶನ್ನಿನಲ್ಲೇ ಇಟ್ಟು, ಕೈಚೀಲ ಹಿಡಿದು ವಕೀಲರು ಹೇಳಿದಂತೆ ಗಲ್ಲಿಯೊಳಗೆ ನಡೆದೆವು. ಎರಡೂ ಬದಿಗೆ ಒಂದೇ ನಮೂನೆಯ ಎತ್ತರದ ಮನೆಗಳು. ಹಲವು ಕಿಟಕಿಗಳಲ್ಲಿ ಕೋಣೆ ಖಾಲಿ ಇದೆ ಎಂಬ ಬೋರ್ಡು. ಔರಾದದ ಡಾಕ್ಟರಿಗೆ ಖುಷಿಯಾಯಿತು. ಮೆಟ್ಟಿಲು ತೊಳೆದಿದ್ದ ಒಂದು ಚೊಕ್ಕ ಹೋಟೆಲನ್ನು ಅವರೇ ಆರಿಸಿದರು.

ಒಳಗೆ ಕುಳಿತಿದ್ದ ತರುಣ ತಲೆಯೆತ್ತಿ ನಮ್ಮನ್ನು ನೋಡಿದ. ಆ ನೋಟ ಸಾಕಾಗಿತ್ತು ನನಗೆ. ಈಗಷ್ಟೇ ಕೊನೆಯ ಕೋಣೆ ಹೋಯಿತು ಎಂದ. "ಬೋರ್ಡು ತೆಗೆಯಲು ಮರೆತಿದ್ದೀರಿ" ಎಂದು ಔರಾದದ ಡಾಕ್ಟರು ಅವನಿಗೆ ನೆನಪು ಮಾಡಿಕೊಟ್ಟರು. ಅವನು ಮುಖ ಕೆಂಪಗಾಗಿ ಥ್ಯಾಂಕ್ಸ್ ಹೇಳಿದ. ಹೊರಗೆ ಬಂದು ನಾವು ಕೊಡೆ ಬಿಚ್ಚುವಾಗ ಬಿಳಿಯ ಗಂಡ ಹೆಂಡತಿ ಇಬ್ಬರು ಪೆಟ್ಟಿಗೆ ಹಿಡಿದು ಒಳಗೆ ಹೋದರು. ಹೊರಗೆ ಬರಲಿಲ್ಲ. ಬೋರ್ಡು ಹಾಗೆಯೇ ಇತ್ತು.

"ಮೊದಲ ಹೇಳಿಟ್ಟಿರಬೇಕು ಅವರು," ಎಂದರು ಔರಾದದ ಡಾಕ್ಟರು.

"ಇರಬಹುದ್ರಿ," ಎಂದೆ.

ಎರಡನೆಯ ಮನೆಯಲ್ಲಿ ಒಬ್ಬ ಹೆಂಗಸು ಬಾಗಿಲನ್ನು ಅರ್ಧವೇ ತೆರೆದಳು. ಮೃದುವಾಗಿ ಮಾತಾಡಿದಳು. ತನಗೇನೂ ಅಭ್ಯಂತರವಿಲ್ಲ, ಆದರೆ ಉಳಿದ ಅತಿಥಿಗಳು ಕಪ್ಪು ಜನರ ಜೊತೆ ಒಂದೇ ಸ್ನಾನದ ಕೋಣೆ ಬಳಸಲು ಒಪ್ಪುವುದಿಲ್ಲ ಎಂದಳು. ಔರಾದದ ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಮುಖ ಗೋಡೆಯಂತಾಯಿತು. ತಾವು ಸರ್ಕಾರಿ ಅಧಿಕಾರಿಗಳು, ವೈದ್ಯರು, ದಿನಾ ಎರಡು ಸಲ ಸ್ನಾನ ಮಾಡುವವರು ಎಂದು ಇಂಗ್ಲಿಷಿನಲ್ಲಿ ಗಡಬಡಿಸಿ ಹೇಳತೊಡಗಿದರು. ಆಕೆ ಸಾರಿ ಎಂದು ಬಾಗಿಲು ಮುಚ್ಚಿದಳು. ಅವರು ಮತ್ತೆ ಬಡಿಯಲು ಕೈಯೆತ್ತಿದರು. ನಾನು ಅವರ ಕೋಟಿನ ತೋಳು ಹಿಡಿದೆ. ಅವರ ಮೈ ಮುಟ್ಟಿದ್ದು ಅದೇ ಮೊದಲು.

"ಬರ್ರಿ. ಎರಡನೇ ಸಲ ಬಡೀಬಾರದು."

"ಯಾಕ ಬಡೀಬಾರದು? ಏನಂತ ತಿಳದಾಳ ಆಕಿ ನಮ್ಮನ್ನ?"

"ಬಡದರ ಇನ್ನೂ ಕೆಟ್ಟ ಮಾತು ಕೇಳಬೇಕಾಗ್ತದ. ಬರ್ರಿ."

ಅವರು ಚಿಕ್ಕವರಂತೆ ನನ್ನ ಹಿಂದೆ ಬಂದರು. ಆಮೇಲೆ ಹೋಟೆಲ್ ಆರಿಸುವ ಕೆಲಸ ನನ್ನದಾಯಿತು. ಚೊಕ್ಕ ಮೆಟ್ಟಿಲು, ಹೂಕುಂಡ ನೋಡುವುದನ್ನು ಬಿಟ್ಟೆ. ಬಾಗಿಲಲ್ಲಿ ಒಳಗೆ ಹೊರಗೆ ಓಡಾಡುವವರು ಯಾರೆಂದು ರಸ್ತೆಯ ಈಚೆ ನಿಂತು ನೋಡುತ್ತಿದ್ದೆ. ಬೆಳಕು ಕಡಿಮೆಯಾಗುತ್ತಿತ್ತು. ಎಲ್ಲೂ ಸಿಗದಿದ್ದರೆ ಸ್ಟೇಶನ್ನಿನ ಬೆಂಚು, ಅಲ್ಲಿಂದಲೂ ಪೊಲೀಸರು ಎಬ್ಬಿಸಿದರೆ? ಕೊನೆಗೆ ಒಂದು ಮಾಸಲು ಹೋಟೆಲಿನಿಂದ ಆಫ್ರಿಕಾದ ವಿದ್ಯಾರ್ಥಿಯೊಬ್ಬ ಪುಸ್ತಕ ಹಿಡಿದು ಹೊರಬಂದ. ಅಲ್ಲಿ ಬಡಿದೆ.

ಅದರ ಯಜಮಾನನೂ ಯುದ್ಧದ ಕಾಲದಲ್ಲಿ ಬೇರೆ ದೇಶದಿಂದ ಬಂದವನು. ಅವನ ಇಂಗ್ಲಿಷು ನಮ್ಮದಕ್ಕಿಂತ ಒರಟು. ಕೋಣೆ ಇದೆ, ಆದರೆ ಒಂದೇ, ಹಾಸಿಗೆಯೂ ಒಂದೇ ಎಂದ. ಮೇಲಕ್ಕೆ ಕರೆದೊಯ್ದು ತೋರಿಸಿದ. ಇಳಿಜಾರು ಛಾವಣಿ, ಒಂದು ಅಗಲದ ಮಂಚ, ಒಂದೇ ರಗ್ಗು. ಕೆಳಗಿನಿಂದ ಮಾಂಸ ಹುರಿಯುವ ವಾಸನೆ.

ನಾನು ಔರಾದದ ಡಾಕ್ಟರ ಕಡೆ ನೋಡಲಿಲ್ಲ. ಇಂಥ ಬಾಗಿಲು ಸಿಕ್ಕಮೇಲೂ, ನನ್ನ ಪಕ್ಕದಲ್ಲಿ ಮಲಗಲಾರೆ ಎಂದು ಇವರೇ ಹೇಳಿದರೆ ಏನು ಮಾಡಲಿ ಎಂದುಕೊಂಡೆ. ಅವರು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಕೊನೆಗೆ ಅದನ್ನು ಮಂಚದ ಮೇಲಿಟ್ಟರು.

"ತೊಗೋರಿ," ಎಂದರು.

ಒದ್ದೆ ಕೋಟು ಕಳಚಿ, ಅವರು ಮಂಚದ ಆ ತುದಿಗೆ, ನಾನು ಈ ತುದಿಗೆ ಕುಳಿತೆವು.

"ನಿಮಗ ಹಿಂಗ ಮೊದಲ ಆಗಿತ್ತೇನ್ರಿ?" ಎಂದು ಕೇಳಿದರು.

"ಆಗಿತ್ರಿ."

"ಎಲ್ಲಿ? ಬೆಂಗಳೂರಾಗ?"

"ಔರಾದದಾಗ."

ಅವರು ತಿರುಗಿ ನೋಡಿದರು. ನಾನು ಹೇಳಿದೆ. ಚಿಂತಾಕಿಯಲ್ಲಿ ದನಗಳಿಗೆ ಲಸಿಕೆ ಹಾಕಿ ಔರಾದಕ್ಕೆ ಬರುವಷ್ಟರಲ್ಲಿ ಬೀದರಿನ ಬಸ್ಸು ಹೋಗಿತ್ತು. ರಾತ್ರಿ ಇಳಿದುಕೊಳ್ಳಲು ಹೋದರೆ ಖಾನಾವಳಿಯವನು ಯಾವ ಮಂದಿ ಎಂದು ಕೇಳಿ, ಜಾಗಾ ಇಲ್ಲ ಎಂದಿದ್ದ. ನಾನು ಔರಾದದ ಪಶು ಆಸ್ಪತ್ರೆಯ ಔಷಧಿ ಪೆಟ್ಟಿಗೆಗಳ ನಡುವೆ ಮಲಗಿದ್ದೆ.

"ನಮ್ಮ ಮನಿ ಅಲ್ಲೇ ಎದುರಿಗಿ ಅದಲ್ರಿ. ಯಾಕ ಬರಲಿಲ್ಲ?"

"ನೀವು ಕರದಿದ್ದಿಲ್ರಿ."

ಅವರು ಬೂಟಿನ ಲೇಸು ಬಿಚ್ಚುತ್ತ ಕುಳಿತರು. ಬಿಚ್ಚಿದ್ದನ್ನು ಮತ್ತೆ ಕಟ್ಟಿದರು. ಸೋಮವಾರದವರೆಗೆ ಅದೇ ಮಂಚದಲ್ಲಿ, ನಡುವೆ ಒಂದು ಮೊಳ ಜಾಗ ಬಿಟ್ಟು, ಇಬ್ಬರೂ ಹೊರಳದೆ ಮಲಗಿದೆವು. ರಗ್ಗು ಸಣ್ಣದಿತ್ತು. ಬೆಳಗಾಗುವಷ್ಟರಲ್ಲಿ ಅದು ಯಾವಾಗಲೂ ನನ್ನ ಮೇಲೆ ಹೆಚ್ಚು ಇರುತ್ತಿತ್ತು.

ತರಬೇತಿ ಮುಗಿದು ಬೀದರಿಗೆ ಮರಳಿದ ಮೇಲೆ ನನಗೆ ಮತ್ತೆ ಔರಾದದ ಕಡೆ ಕೆಲಸ ಬಿತ್ತು. ಅವರು ಬಸ್ ನಿಲ್ದಾಣಕ್ಕೇ ಬಂದು ಮನೆಗೆ ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ಇಬ್ಬರಿಗೂ ಜೋಡಿ ಮಣೆ ಹಾಕಿಸಿದರು. ಅವರ ತಾಯಿ ಬಡಿಸುತ್ತ ಕೇಳಿದರು: "ಯಾವೂರಪ್ಪ ನಿಮ್ದು?"

"ಭಾತಂಬ್ರಾರಿ, ಅವ್ವಾರ."

"ಯಾರ ಪೈಕಿ?"

ಔರಾದದ ಡಾಕ್ಟರು ಬಾಯಿ ತೆರೆದರು. ಏನೋ ಬೇರೆ ಹೇಳಿ ಮುಚ್ಚಿಬಿಡುತ್ತಾರೆ ಎನ್ನಿಸಿತು. ಹಾಗೆ ಆಗಬಾರದೆಂದು ನಾನೇ ಮೊದಲು ಅಂದೆ: "ನಾವು ಬೌದ್ಧರ್ರಿ."

ಆಕೆ ಸೌಟು ಹಿಡಿದು ನಿಂತರು. ಮಗನ ಮುಖ ನೋಡಿದರು. ಮಗ ಕಣ್ಣು ಕೆಳಗೆ ಮಾಡದೆ, "ಪುಂಡಿಪಲ್ಲೆ ಹಾಕು ಅವರಿಗಿ," ಎಂದರು. ಆಕೆ ಹಾಕಿದರು. ಕೈ ತುಸು ಎತ್ತರಕ್ಕೇ ಇತ್ತು.

ಊಟವಾದ ಮೇಲೆ ನನ್ನ ತಾಟು ನಾನೇ ಎತ್ತಲು ಹೋದಾಗ ಔರಾದದ ಡಾಕ್ಟರು ಅದರ ಮೇಲೆ ಕೈಯಿಟ್ಟು "ಇಡ್ರಿ" ಎಂದರು. ನಾನು ಹೋದ ಮೇಲೆ ಆ ತಾಟನ್ನು ಯಾರು ತೊಳೆದರೋ ಕೇಳಲಿಲ್ಲ. ಅಂದಿನಿಂದ ಔರಾದಕ್ಕೆ ಹೋದಾಗಲೆಲ್ಲ ನಾನು ಇಳಿದುಕೊಂಡದ್ದು ಆ ಮನೆಯಲ್ಲಿಯೇ. ಮೊದಲ ಕೆಲವು ಸಲ ಸರಿಯಾಗಿ ನಿದ್ದೆ ಬರಲಿಲ್ಲ.