ಪಾತ್ರೆ ಮೇಲಿನ ಹೆಸರು

ಅಕ್ಕಯಮ್ಮನ ಪಾತ್ರೆ ಅಂಗಡಿ ಮುಚ್ಚಿಹೋಗಿದ್ರೆ ನನಗೆ ಇಷ್ಟು ಹೊಟ್ಟೆ ಉರೀತಿರ್ಲಿಲ್ಲ. ಅಂಗಡಿ ತೆಗೆದೇ ಇದೆ. ಹೊಸ ಬೋರ್ಡು ಬೇರೆ ಹಾಕಿದಾರೆ. ಒಳಗೆ ಅಕ್ಕಯಮ್ಮ ಮಾತ್ರ ಇಲ್ಲ. ಪಕ್ಕದ ಗ್ರಂಥಿಗೆ ಅಂಗಡಿ ನಮ್ಮದು. ನಾನು ದಾಕ್ಷಾಯಣಮ್ಮ. ಈ ಚಾಮರಾಜಪೇಟೆಗೆ ಸೊಸೆಯಾಗಿ ಬಂದಾಗಿನಿಂದ ಕರ್ಪೂರ, ವಿಭೂತಿ, ಅರಿಶಿನದ ಕೊಂಬು ತೂಗ್ತಾ ಕೂತಿದೀನಿ. ಗೋಡೆಗೆ ಆ ಕಡೆ ಅವಳು, ಈ ಕಡೆ ನಾನು. ಆಗಿದ್ದನ್ನ ನಾನೇ ಹೇಳ್ಬೇಕು, ಅವಳಂತೂ ಬಾಯಿ ಬಿಡಲ್ಲ.

ಮದುವೆಯಾಗಿ ವರ್ಷ ತುಂಬೋದ್ರೊಳಗೆ ಗಂಡನ್ನ ಕಳ್ಕೊಂಡು ತವರಿಗೆ ವಾಪಸ್ ಬಂದವಳು ಅಕ್ಕಯಮ್ಮ. ಅಷ್ಟರಲ್ಲಿ ತಾಯೀನೂ ತೀರ್ಕೊಂಡಿದ್ರು. ತಮ್ಮ ವೇಣುಗೋಪಾಲ ಇನ್ನೂ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ. ತಂದೆ ದೊಡ್ಡಬೈರಪ್ಪನವರು ಹೊಲ ಬಿಟ್ಟು ಪೇಟೆಗೆ ಬಂದು ಸೈಕಲ್ ಬಾಡಿಗೆ ಅಂಗಡಿ ಇಟ್ಟಿದ್ರು, ಅದು ಕುಂಟ್ತಾ ಇತ್ತು. ಇವಳು ತನ್ನ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಅಪ್ಪನ ಮುಂದೆ ಇಟ್ಟು, "ಇದು ಇನ್ನು ನನಗ್ಯಾತಕ್ಕೆ? ಮದುವೆ ಪಾತ್ರೆ ತರೋಣ, ಬಾಡಿಗೆಗೆ ಕೊಡೋಣ" ಅಂದಳಂತೆ. ಅವೆನ್ಯೂ ರಸ್ತೆ ಪಕ್ಕದ ಗಲ್ಲಿಯಿಂದ ಹಿತ್ತಾಳೆ ಕೊಪ್ಪರಿಗೆ, ಕೊಳಗ, ಬಾಣಲೆ, ಬಕೆಟ್ಟು, ಸೌಟು ಎಲ್ಲಾ ಗಾಡಿ ಮೇಲೆ ಬಂತು. ಲೈಸೆನ್ಸು ಅಪ್ಪನ ಹೆಸರಲ್ಲೇ ಉಳೀತು.

ಬಾಡಿಗೆ ಪಾತ್ರೆ ಅಂದ್ರೆ ಹೆಸರು ಕೆತ್ತಿಸ್ಲೇಬೇಕು. ಛತ್ರದಲ್ಲಿ ಊಟ ಮುಗಿದ ಮೇಲೆ ಹಿತ್ತಲಲ್ಲಿ ಎಲ್ಲರ ಪಾತ್ರೆನೂ ಒಂದೇ ಗುಡ್ಡೆ ಹಾಕ್ತಾರೆ, ಹೆಸರಿಲ್ಲದ್ದು ಇನ್ಯಾರದೋ ಮನೆ ಸೇರುತ್ತೆ. ಕೆತ್ತೋನು ಉಳಿ ಹಿಡ್ಕೊಂಡು ಬಂದು, "ಯಾರ ಹೆಸರಮ್ಮ?" ಅಂತ ಕೇಳ್ದ. ಅಪ್ಪ, "ನಿಂದೇ ಹಾಕಿಸಮ್ಮ, ನಿನ್ನ ಒಡವೇಲಿ ತಂದಿದ್ದಲ್ವಾ" ಅಂದ್ರು. ಇವಳು ಒಪ್ಪಲಿಲ್ಲ.

"ಗಂಡ ಸತ್ತವಳ ಹೆಸರಿರೋ ಕೊಪ್ಪರಿಗೇಲಿ ಯಾರು ಮದುವೆ ಪಾಯಸ ಮಾಡ್ತಾರಪ್ಪ? ವೇಣು ಹೆಸರು ಹಾಕಿಸಿ. ಬೆಳೆಯೋ ಹುಡುಗ. ಅಂಗಡೀನೂ ಬೆಳೀಲಿ."

ನಿಜ ಹೇಳ್ಬೇಕಂದ್ರೆ ಅವಳು ಹೇಳಿದ್ದರಲ್ಲಿ ತಪ್ಪಿರ್ಲಿಲ್ಲ. ನಮ್ಮ ಜನ ಹಂಗೇ, ಬೆಂಕಿ ಹಾಕ! ಸೌಟಿನ ಹಿಡಿ ತನಕ ಎಲ್ಲದರ ಮೇಲೂ ವೇಣುಗೋಪಾಲ್, ವೇಣುಗೋಪಾಲ್ ಅಂತ ಕೆತ್ತಾಯ್ತು. ಅವಳ ಹೆಸರಿದ್ದಿದ್ದು ಒಂದೇ ಒಂದು ಸಣ್ಣ ಚೊಂಬಿನ ಮೇಲೆ. ಮದುವೇಲಿ ತಾಯಿ ಕೆತ್ತಿಸಿ ಕೊಟ್ಟಿದ್ದು. ಅದು ಮನೇಲಿ ಕುಡಿಯೋ ನೀರಿಗೆ, ಬಾಡಿಗೆಗೆ ಹೋಗಿದ್ದೇ ಇಲ್ಲ.

ಆಮೇಲಿನ ಇಷ್ಟು ವರ್ಷ ಅವಳು ದುಡಿದಿದ್ದನ್ನ ನಾನು ಕಣ್ಣಾರೆ ಕಂಡಿದೀನಿ. ವಾಪಸ್ ಬಂದ ಪಾತ್ರೇನ ಬೆರಳಲ್ಲಿ ಟಣ್ ಅಂತ ತಟ್ಟಿ, ಸದ್ದು ಕೇಳಿ, ಬಿರುಕು ಬಿಟ್ಟಿದ್ಯಾ ಇಲ್ವಾ ಅಂತ ಹೇಳೋಳು. ಕೊಪ್ಪರಿಗೆ ಅಂಗಡಿಯಿಂದ ಹೊರಡುವಾಗ ಬರಿದಾಗಿ ಹೋಗ್ಬಾರ್ದು ಅಂತ ನಮ್ಮಂಗಡಿಯಿಂದ ಒಂದಚ್ಚು ಬೆಲ್ಲ ತಗೊಂಡು ಒಳಗೆ ಹಾಕೋಳು. "ನಿನ್ನ ಬೆಲ್ಲದಿಂದಾನೇ ನನ್ನ ಅಂಗಡಿ ನಡೀತಿರೋದು ಕಣೆ" ಅಂತ ನಾನು ರೇಗಿಸ್ತಿದ್ದೆ. ಅಷ್ಟು ಮದುವೆಗೆ ಪಾತ್ರೆ ಕಳಿಸಿದಳಲ್ಲ, ಒಂದು ಮದುವೆ ಮನೆಗೂ ಕಾಲಿಡ್ಲಿಲ್ಲ ಮಾರಾಯ್ತಿ. ವೇಣು ಓದಿದ್ದು, ಅವನ ಮದುವೆ, ಅವನು ಕಾರುಗಳನ್ನ ತಗೊಂಡು ಟ್ರಾವೆಲ್ಸ್ ಶುರು ಮಾಡಿದ್ದು, ತ್ಯಾಗರಾಜನಗರದಲ್ಲಿ ಮನೆ ಮಾಡಿದ್ದು, ಎಲ್ಲಾ ಈ ಕೊಪ್ಪರಿಗೆಯಿಂದಾನೇ. ಅಂಗಡಿ ಕಡೆ ಅವನು ಬರ್ತಿದ್ದಿದ್ದು ಗೌರಿ ಹಬ್ಬಕ್ಕೆ ಒಂದು ಸೀರೆ ಕೊಡೋಕೆ ಮಾತ್ರ.

ಕೊರೊನಾ ಬಂತು. ಮದುವೆ ನಿಂತ್ಹೋದ್ವು. ಒಲೆ ಕಾಣದ ಪಾತ್ರೆ ಸುಮ್ನೆ ಇರಲ್ಲ, ಕಿಲುಬು ಹಿಡಿಯುತ್ತೆ. ಮೊದಲ ಲಾಕ್‌ಡೌನಲ್ಲಿ ನಮ್ಮ ಬೀದಿ ಮಹಿಳಾ ಸಂಘದವರು ಊರಿಗೆ ಹೋಗೋಕಾಗದ ಕೂಲಿಯವರಿಗೆ ಅಡಿಗೆ ಮಾಡಿ ಹಂಚಿದ್ರು. ಅದಕ್ಕೆ ಪಾತ್ರೆ ಕೊಟ್ಟೋಳು ಇವಳೇ, ಬಿಡಿಗಾಸು ತಗೊಳ್ಳಲಿಲ್ಲ. ಎರಡನೇ ಅಲೆ ಮುಗಿಯೋ ಹೊತ್ತಿಗೆ ಒಳಗಿನ ಕಲಾಯಿ ಎಲ್ಲಾ ಹೋಗಿತ್ತು. ಕಲಾಯಿ ಇಲ್ಲದ ಹಿತ್ತಾಳೇಲಿ ಹುಳಿ ಮಾಡೋಕಾಗುತ್ತಾ? ಊಟ ವಿಷ ಆಗುತ್ತೆ. ಮತ್ತೆ ಕಲಾಯಿ ಹಾಕಿಸದೆ ಅಂಗಡಿ ತೆಗೆಯೋ ಹಂಗಿರ್ಲಿಲ್ಲ, ಹಾಕಿಸೋಕೆ ಅವಳ ಹತ್ರ ಏನೂ ಉಳಿದಿರ್ಲಿಲ್ಲ.

ಅಷ್ಟರಲ್ಲಿ ವಾರ್ಡ್ ಆಫೀಸಿಂದ ಆಟೋದಲ್ಲಿ ಮೈಕ್ ಕಟ್ಕೊಂಡು ಬಂದು ಕೂಗಿದ್ರು. ಕೊರೊನಾದಲ್ಲಿ ನೆಲ ಕಚ್ಚಿದ ಸಣ್ಣ ಅಂಗಡಿಗಳಿಗೆ, ಸೇವಾ ಸಂಘಗಳಿಗೆ ನೆರವು ಕೊಡ್ತಾರಂತೆ, ವಾಪಸ್ ಕಟ್ಟೋದು ಬೇಡವಂತೆ. ನಮ್ಮೆಜಮಾನ್ರು ಮಲ್ಲಿಕಾರ್ಜುನಯ್ಯನವರು ಅರ್ಜಿ ಹಾಕಿದ್ರು, ನಮಗೆ ಬಂತು. ಮಹಿಳಾ ಸಂಘಕ್ಕೆ ಹೊಲಿಗೆ ಮೆಷಿನ್ ಬಂತು. ಸುಳ್ಳು ಯಾಕೆ ಹೇಳ್ಲಿ, ನಿಯತ್ತಾಗೇ ಕೊಟ್ರು. ಅಕ್ಕಯಮ್ಮನ ಲೈಸೆನ್ಸು ತೀರಿಹೋದ ಅಪ್ಪನ ಹೆಸರಲ್ಲಿತ್ತಲ್ಲ, ಅಂಥ ಕಡೆ ಸಾಹೇಬ್ರೇ ಅಂಗಡಿಗೆ ಬಂದು, ಈಗ ಯಾರು ನಡೆಸ್ತಿದಾರೆ ಅಂತ ನೋಡಿ ಬರ್ಕೋತಾರೆ ಅಂದ್ರು.

ಸುದ್ದಿ ಕೇಳಿದ್ದೇ ತಡ, ವೇಣು ಬಂದ. ಅವನ ಟ್ರಾವೆಲ್ಸೂ ಕೊರೊನಾದಲ್ಲಿ ಮುಳುಗಿತ್ತು, ಕಾರುಗಳನ್ನ ಫೈನಾನ್ಸಿನವರು ಎಳ್ಕೊಂಡು ಹೋಗಿದ್ರು. "ಅಕ್ಕ, ಈ ವಯಸ್ಸಲ್ಲಿ ನೀನ್ಯಾಕೆ ಆಫೀಸು ಅಲೀತೀಯ? ನಾನಿಲ್ವಾ? ಎಲ್ಲಾ ನಾನು ನೋಡ್ಕೋತೀನಿ" ಅಂದ. ಇವಳ ಮುಖ ನೋಡ್ಬೇಕಿತ್ತು! ಅವತ್ತು ಅವನಿಗೆ ಅಂತ ಮುದ್ದೆ, ಅವರೆಕಾಳು ಸಾರು ಮಾಡಿ, ನನ್ನ ಕರೆದು, "ನೋಡ್ದ್ಯಾ ದಾಕ್ಷಾಯಣಿ, ಕಷ್ಟ ಅಂದ ತಕ್ಷಣ ಓಡಿ ಬಂದ ನನ್ನ ತಮ್ಮ" ಅಂದಳು. ನಾನೂ ಖುಷಿ ಪಟ್ಟೆ, ಮುಟ್ಠಾಳಿ.

ಸಾಹೇಬ್ರು ಬಂದ ದಿನ ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಅವರು ಬರ್ತಾರೆ ಅಂತ ಅಕ್ಕಯಮ್ಮ ಬೆಳಗ್ಗೆಯಿಂದ ಹುಣಿಸೆಹಣ್ಣು ಹಾಕಿ ಕೊಪ್ಪರಿಗೆ ತಿಕ್ತಾ ಕೂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು, ಮೊಣಕೈ ತನಕ ಕರಿ. ವೇಣು ಇಸ್ತ್ರಿ ಶರ್ಟು ಹಾಕ್ಕೊಂಡು ಕುರ್ಚಿ ಮೇಲೆ ಕೂತಿದ್ದ.

ಸಾಹೇಬ್ರು ಒಂದು ಕೊಳಗ ತಿರುಗಿಸಿ ನೋಡಿ, "ವೇಣುಗೋಪಾಲ್ ಅಂದ್ರೆ ಯಾರು?" ಅಂದ್ರು.

"ನಾನೇ ಸಾರ್. ಅಂಗಡಿ ನಂದೇ. ನೋಡಿ, ಎಲ್ಲದರ ಮೇಲೂ ನನ್ನ ಹೆಸರೇ ಇದೆ."

"ಈಯಮ್ಮ?"

"ನಮ್ಮಕ್ಕ ಸಾರ್. ಪಾತ್ರೆ ತೊಳ್ಕೊಡ್ತಾರೆ."

ಅಯ್ಯೋ ಶಿವನೇ! ಮೈಯೆಲ್ಲ ಉರಿದುಹೋಯ್ತು ನನಗೆ. "ಏನೋ ವೇಣು, ನಾಲಿಗೆ ಮೇಲೆ ನಿಗಾ ಇದ್ಯೇನೋ?" ಅಂತ ಕಿರುಚಿದೆ. ಸಾಹೇಬ್ರು ಪಾಪ ಒಳ್ಳೆಯವರು, ನನ್ನ ಮಾತು ಕೇಳಿ ಅಕ್ಕಯಮ್ಮನ ಕಡೆ ತಿರುಗಿ, "ನೀವು ಹೇಳಿಮ್ಮ, ಇವರು ಹೇಳ್ತಿರೋದು ನಿಜಾನಾ?" ಅಂತ ಸಮಾಧಾನವಾಗಿ ಕೇಳಿದ್ರು. ಇವಳು ತಮ್ಮನ ಮುಖ ನೋಡಿದಳು. ಅವನು ಕಣ್ಣಲ್ಲೇ ಸನ್ನೆ ಮಾಡ್ದ. "ಹೌದು ಸ್ವಾಮಿ" ಅಂದುಬಿಟ್ಟಳು.

ಅವರು ಹೋದ ಮೇಲೆ ನಾನು ಬಾಯಿಗೆ ಬಂದಂಗೆ ಬೈದೆ. ಅವಳು ಹುಣಿಸೆಹಣ್ಣು ತಗೊಂಡು ಮತ್ತೆ ತಿಕ್ಕೋಕೆ ಶುರು ಮಾಡಿ, "ಪಾತ್ರೆ ಮೇಲಿರೋ ಹೆಸರೂ ಹೇಳೋ ಹೆಸರೂ ಒಂದೇ ಇದ್ರೆ ಬೇಗ ಕೆಲಸ ಆಗುತ್ತೆ ಅಂತ ಹಂಗಂದಿದಾನೆ ಕಣೆ. ಅಷ್ಟಕ್ಕೂ ಸಾಹೇಬ್ರ ಮುಂದೆ ನನ್ನ ತಮ್ಮನ್ನ ಸುಳ್ಳ ಅಂತ ಹೆಂಗನ್ಲಿ? ನಾನೇ ಎತ್ತಿ ಬೆಳೆಸಿದ್ದು" ಅಂದಳು. ಕಲಾಯಿಯವನಿಗೆ ಬರೋಕೂ ಹೇಳಿದ್ದಳು.

ನೆರವು ವೇಣು ಹೆಸರಿಗೇ ಬಂತು. ಕಲಾಯಿಯವನೂ ಬಂದ, ಆದ್ರೆ ಅವನನ್ನ ಕರೆಸಿದ್ದು ವೇಣು. 'ವೇಣುಗೋಪಾಲ್ ಕೇಟರಿಂಗ್ ಪಾತ್ರೆಗಳು' ಅಂತ ಬೋರ್ಡು ಮೇಲೇರಿತು. ಅಕ್ಕಯಮ್ಮ ಎಂದಿನಂತೆ ಬೆಳಗ್ಗೆ ಬೀಗದ ಕೈ ಹಿಡ್ಕೊಂಡು ಬಂದಳು, ಅದು ಬೀಗಕ್ಕೆ ಹಿಡೀಲಿಲ್ಲ. ಬೀಗ ಬದಲಾಯಿಸಿದ್ದ, ಮನೆಹಾಳ! ಅವನು ಬರೋ ತನಕ ನಮ್ಮಂಗಡಿ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಕೊಟ್ಟ ಕಾಫಿ ಹಂಗೇ ಆರಿಹೋಯ್ತು.

"ಇದೇನೋ ವೇಣು?" ಅಂದಳು, ಅಷ್ಟೇ.

"ಏನಕ್ಕ, ಗೊತ್ತಿಲ್ದೋಳ ಥರ ಕೇಳ್ತೀಯ? ನನಗೂ ಹೆಂಡ್ತಿ ಮಕ್ಕಳಿದಾರೆ. ಪಾತ್ರೆ ಮೇಲೆ ಯಾರ ಹೆಸರಿದೆ ನೀನೇ ನೋಡು. ನಾನು ಕೆತ್ತಿಸಿದ್ನಾ? ನೀನೇ ಕೆತ್ತಿಸಿದ್ದು."

ಥೂ! ನಾನು ಬಿಡಲಿಲ್ಲ, ಕೈ ಹಿಡಿದು ವಾರ್ಡ್ ಆಫೀಸಿಗೆ ಎಳ್ಕೊಂಡು ಹೋದೆ. ಅದೇ ಸಾಹೇಬ್ರು ಪೇಚಾಡಿದ್ರು. "ನಿಮ್ಮನ್ನೇ ಕೇಳಿದ್ನಲ್ಲಮ್ಮ, ನೀವೇ ಹೌದು ಅಂದ್ರಿ. ಈಗ ಕೋರ್ಟಿಗೆ ಹೋಗ್ಬೇಕಾಗುತ್ತೆ" ಅಂದ್ರು. ಕೋರ್ಟು ಅಂದಿದ್ದಕ್ಕೆ ಅವಳು ಎದ್ದೇಬಿಟ್ಟಳು. ವಾಪಸ್ ಬರ್ತಾ ದಾರೀಲಿ ಅತ್ತಳು. ಅವಳು ಅತ್ತಿದ್ದನ್ನ ನಾನು ನೋಡಿದ್ದು ಅದೇ ಮೊದಲು. "ಪಾತ್ರೆ ಹೋದ್ರೆ ಹೋಗ್ಲಿ ದಾಕ್ಷಾಯಣಿ. ತೊಳೆಯೋಳು ಅಂದ್ಬಿಟ್ನಲ್ಲೇ" ಅಂದಳು.

ಮದುವೆ ಸೀಸನ್ ಶುರುವಾಯ್ತು. ವೇಣುಗೆ ಕೊಪ್ಪರಿಗೆ ಯಾವುದು, ಕೊಳಗ ಯಾವುದು ಗೊತ್ತಾದ್ರೆ ತಾನೆ? ಬಿರುಕು ಬಿಟ್ಟಿದ್ದನ್ನೇ ಕಳಿಸಿ, ಬಸವನಗುಡಿಯ ಒಂದು ಛತ್ರದಲ್ಲಿ ಸಾರೆಲ್ಲ ಒಲೆ ಪಾಲಾಯ್ತು. ಹಳೇ ಅಡಿಗೆಯವರೆಲ್ಲ ಬಂದು, "ಅಕ್ಕ ಎಲ್ಲಿ? ಅಕ್ಕ ಇದ್ರೆ ಹೇಳಿ, ಬರ್ತೀವಿ" ಅಂತ ಹೇಳಿ ತಿರುಗಿ ಹೋಗೋಕೆ ಶುರು ಮಾಡಿದ್ರು.

ಒಂದು ಸಂಜೆ ನಾನು ಅವಳ ಮನೇಲಿ ಹೂ ಕಟ್ತಾ ಕೂತಿದ್ದಾಗ ವೇಣು ಬಂದ. ಚಪ್ಪಲಿ ಬಿಟ್ಟು, ಹೊಸ್ತಿಲ ಹತ್ರಾನೇ ಕೂತ. ಯಾರು ಬಂದ್ರೂ ಮೊದಲು ನೀರು ಕೊಡೋದು ಅವಳ ರೂಢಿ. ಒಳಗೆ ಹೋಗಿ ಚೊಂಬಲ್ಲಿ ನೀರು ತಂದು ಅವನ ಕೈಗೆ ಕೊಟ್ಟಳು.

"ಅಂಗಡಿಗೆ ಬಂದ್ಬಿಡಕ್ಕ. ಸುಮ್ನೆ ಕೂತಿರು ಸಾಕು. ತಿಂಗಳಿಗೆ ಇಷ್ಟು ಅಂತ ಸಂಬಳ ಕೊಟ್ಬಿಡ್ತೀನಿ."

ನನ್ನ ನಾಲಿಗೆ ತುದಿಗೆ ಬೈಗುಳ ಬಂದಿತ್ತು. ಅಕ್ಕಯಮ್ಮ ಕೈ ಅಡ್ಡ ಹಿಡಿದು ನನ್ನ ತಡೆದಳು. ಅವಳ ದನಿ ಏರಲೂ ಇಲ್ಲ.

"ನೀರು ಕುಡಿದು ಹೊರಡು ವೇಣು. ಚೊಂಬು ಇಲ್ಲೇ ಇಟ್ಟು ಹೋಗು. ಅದರ ಮೇಲೆ ನನ್ನ ಹೆಸರಿದೆ."